ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಗಾಳಿಯ ಗುಟ್ಟು ಹಿಡಿಯುವ ಪುಟ್ಟ ಸೆನ್ಸರ್‌ಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಗ್ಯಾಸ್ ಅಲಾರಂ, ಗಾಳಿ ಅಳೆಯುವ ಪೆಟ್ಟಿಗೆ, ಶುಗರ್ ನೋಡುವ ಪಟ್ಟಿ, ಕಾಲೇಜಿನ ಪ್ರಾಜೆಕ್ಟ್. ಪೀಣ್ಯದಲ್ಲಿ ಗ್ಯಾಸ್ ಡಿಟೆಕ್ಟರ್‌ಗಳ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವ) ಬೆಂಚಿನ ಮುಂದೆ ಬಹಳ ವರ್ಷ ಕೂತವಳು ನಾನು. ಹಾಗಾಗಿ ಇದು ನನಗೆ ತುಂಬಾ ಹತ್ತಿರದ ವಿಷಯ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟಗಳನ್ನು ಸೆನ್ಸರ್‌ಗಳಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಅಡುಗೆಮನೆಗೆ ಗ್ಯಾಸ್ ಅಲಾರಂ ಹಾಕಿಸಿದ್ದೇವೆ. ಸಿಲಿಂಡರ್ ಸೋರದಿದ್ದರೂ ಆಗಾಗ ಕೂಗುತ್ತದೆ. ಪಕ್ಕದಲ್ಲಿ ನಿಂತು ಸ್ಯಾನಿಟೈಸರ್ ಹಚ್ಚಿಕೊಂಡರೆ ಕೂಗುತ್ತದೆ, ಕೆಲವು ಸಲ ಒಗ್ಗರಣೆಗೂ ಕೂಗುತ್ತದೆ. ಬೇಸತ್ತು ನಮ್ಮನೆಯವರು ಪ್ಲಗ್ಗನ್ನೇ ಕಿತ್ತಿಟ್ಟಿದ್ದಾರೆ. ಕೆಟ್ಟ ಮಾಲು ಅಂತ ಬದಲಾಯಿಸಬೇಕಾ? (ಗೃಹಿಣಿ, ದಾವಣಗೆರೆ)

ಉತ್ತರ: ಮೊದಲು ಆ ಪ್ಲಗ್ ವಾಪಸ್ ಹಾಕಿಸಿ. ನಿಮ್ಮ ಅಲಾರಂ ಕೆಟ್ಟಿಲ್ಲ ಅಂತಲೇ ನನಗನಿಸುತ್ತದೆ. ಅದು ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಿದೆ.

ಅದರೊಳಗೆ ಏನಿದೆ ಅಂತ ಹೇಳುತ್ತೇನೆ, ನೀವು ಬಿಚ್ಚಲು ಹೋಗಬೇಡಿ. ಮನೆಬಳಕೆಯ ಅಲಾರಂಗಳಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಲೋಹದ ಡಬ್ಬಿ ಇರುತ್ತದೆ. ಅದರ ಬಾಯಿಗೆ ಎರಡು ಪದರ ಸ್ಟೀಲ್ ಜಾಲರಿ. ಒಳಗಿನ ಬಿಸಿ ಹೊರಗಿನ ಗ್ಯಾಸಿಗೆ ಕಿಡಿಯಾಗಬಾರದು ಅಂತ ಈ ಜಾಲರಿ. 1815ರಲ್ಲಿ ಹಂಫ್ರಿ ಡೇವಿ ಕಲ್ಲಿದ್ದಲು ಗಣಿಯ ದೀಪಕ್ಕೆ ಜಾಲರಿ ಸುತ್ತಿದ್ದು ಇದೇ ಕಾರಣಕ್ಕೆ. ಡಬ್ಬಿಯೊಳಗೆ ಕೆಲವೇ ಮಿಲಿಮೀಟರ್ ಉದ್ದದ ಪಿಂಗಾಣಿ ಕೊಳವೆ. ಕೊಳವೆಯ ಮೇಲೆ ತವರದ ಆಕ್ಸೈಡ್ ಪುಡಿಯ ಲೇಪ, ಒಳಗೆ ಹೀಟರ್ ತಂತಿ. ಪ್ಲಗ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಡಬ್ಬಿ ಮುಟ್ಟಿದಾಗ ಬೆಚ್ಚಗಿರುತ್ತದೆ. ನಮ್ಮ ಬೆಂಚಿಗೆ ರಿಪೇರಿಗೆ ಬಂದ ಅಲಾರಂಗಳಲ್ಲಿ ನಾನು ಮೊದಲು ನೋಡುತ್ತಿದ್ದದ್ದೇ ಅದನ್ನು. ಡಬ್ಬಿ ತಣ್ಣಗಿದ್ದರೆ ಹೀಟರ್ ಹೋಗಿದೆ ಅಂತ ಅರ್ಥ. ಮುಂದೆ ಏನು ನೋಡಿದರೂ ಪ್ರಯೋಜನವಿಲ್ಲ.

ಬಿಸಿಯಾದ ಈ ಪುಡಿಯ ಮೇಲೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಕೂರುವಾಗ ತವರದ ಆಕ್ಸೈಡಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಕರೆಂಟು ಸಾಗಿಸಲು ಬೇಕಾದ ಎಲೆಕ್ಟ್ರಾನುಗಳೇ ಕಡಿಮೆಯಾದರೆ ಕರೆಂಟಿಗೆ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಏರುತ್ತದೆ, ಅಲ್ವಾ? ಉರಿಯುವಂಥ ಅನಿಲ ಯಾವುದಾದರೂ ಅಲ್ಲಿಗೆ ಬಂದರೆ ಆ ಆಮ್ಲಜನಕದ ಜೊತೆ ಸೇರಿಕೊಂಡು ಎದ್ದು ಹೋಗುತ್ತದೆ. ಎಲೆಕ್ಟ್ರಾನುಗಳು ಆಕ್ಸೈಡಿಗೆ ಮರಳುತ್ತವೆ. ರೆಸಿಸ್ಟೆನ್ಸ್ ಧಡಕ್ಕನೆ ಇಳಿಯುತ್ತದೆ. ಅಲಾರಂ ಕೂಗುವುದು ಆಗ.

ಇಲ್ಲಿ 'ಉರಿಯುವಂಥ ಅನಿಲ' ಎಂಬ ಮಾತನ್ನು ಗಮನಿಸಿ. ಸಿಲಿಂಡರಿನ ಪ್ರೊಪೇನ್, ಬ್ಯುಟೇನ್ ಉರಿಯುತ್ತವೆ. ಸ್ಯಾನಿಟೈಸರಿನ ಆಲ್ಕೋಹಾಲ್ ಆವಿಯೂ ಉರಿಯುತ್ತದೆ. ಕಾದ ಎಣ್ಣೆಯ ಹೊಗೆಯಲ್ಲೂ ಅಂಥವು ಇವೆ. ಪುಡಿಗೆ ಎಲ್ಲವೂ ಒಂದೇ. ಏನೋ ಬಂದಿದೆ ಅಂತ ತಿಳಿಯುವುದು ಸೆನ್ಸರಿಗೆ ಸುಲಭ, ಬಂದದ್ದು ಯಾವುದು ಅಂತ ಹೇಳುವುದು ಕಷ್ಟ. ಮುಂದಿನ ಪ್ರಶ್ನೆಗಳಲ್ಲೂ ಇದೇ ತೊಡಕು ಬರುತ್ತದೆ, ನೆನಪಿಟ್ಟುಕೊಳ್ಳಿ.

ಇದನ್ನು ಕಂಡುಹಿಡಿದದ್ದು ಜಪಾನಿನಲ್ಲಿ. 1962ರಲ್ಲಿ ಕ್ಯುಶು ವಿಶ್ವವಿದ್ಯಾಲಯದ ತೆತ್ಸುರೊ ಸೆಯಾಮ ಮತ್ತು ಸಂಗಡಿಗರು ಬಿಸಿ ಮಾಡಿದ ಸತುವಿನ ಆಕ್ಸೈಡಿನ ಪದರದಿಂದ ಅನಿಲ ಪತ್ತೆ ಮಾಡಬಹುದು ಅಂತ ತೋರಿಸಿದರು. ಅದೇ ವರ್ಷ ನಾವೊಯೊಶಿ ತಗುಚಿ ತವರದ ಆಕ್ಸೈಡಿನ ಸೆನ್ಸರಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದನ್ನೇ ತಯಾರಿಸಲು 1969ರಲ್ಲಿ ಫಿಗಾರೊ ಎಂಬ ಕಂಪನಿ ಶುರುವಾಯಿತು. ನಿಮ್ಮ ಗೋಡೆಯ ಮೇಲಿರುವುದು ಆ ಮನೆತನದ ಕುಡಿಯೇ.

ಈಗ ನೀವು ಮಾಡಬೇಕಾದ್ದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟಕ್ಕೆ ಇಳಿಯುತ್ತದೆ. ಅಲಾರಂ ನೆಲದಿಂದ ಒಂದು ಅಡಿ ಎತ್ತರದ ಆಸುಪಾಸಿನಲ್ಲಿರಲಿ. ಒಲೆಯ ನೇರಕ್ಕೆ ಬೇಡ, ಒಗ್ಗರಣೆಯ ಹೊಗೆ ತಾಕದ ಹಾಗೆ ಸ್ವಲ್ಪ ಪಕ್ಕಕ್ಕೆ ಹಾಕಿಸಿ. ಕೊಳವೆಯಲ್ಲಿ ಗ್ಯಾಸ್ ಬರುವ ಮನೆಗಳಲ್ಲಿ ಇದು ತಿರುಗುಮುರುಗು. ಅದು ಮೀಥೇನ್, ಗಾಳಿಗಿಂತ ಹಗುರ, ಹಾಗಾಗಿ ಅಲಾರಂ ಚಾವಣಿಯ ಹತ್ತಿರ ಇರಬೇಕು. ಸಿಂಕ್, ಕಿಟಕಿ ಸಂದಿಗೆ ಹಚ್ಚುವ ಸಿಲಿಕೋನ್ ಸೀಲೆಂಟ್ ಹಸಿಯಾಗಿರುವಾಗ ಅಲಾರಂ ಅದರ ಪಕ್ಕದಲ್ಲಿ ಇರಬಾರದು. ಸಿಲಿಕೋನಿನ ಆವಿ ಪುಡಿಯ ಮೇಲೆ ಪದರ ಕಟ್ಟಿ ಅದನ್ನು ಕುರುಡು ಮಾಡುತ್ತದೆ. ಆಮೇಲೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಸೋರಿದಾಗ ಕೂಗುವುದಿಲ್ಲ. ಲೈಟರ್ ಗ್ಯಾಸ್ ಊದಿ ಪರೀಕ್ಷೆ ಮಾಡುವವರೂ ಇದ್ದಾರೆ. ಜೀವ ಇದೆಯಾ ಇಲ್ವಾ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಎಷ್ಟು ಗ್ಯಾಸಿಗೆ ಕೂಗುತ್ತದೆ ಅಂತ ತಿಳಿಯಲು ಅಳತೆ ಗೊತ್ತಿರುವ ಅನಿಲವೇ ಬೇಕು.

ನಿಜವಾಗಿ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮ್ಯಾಮ್, ನಮ್ಮ ಕೆಮಿಸ್ಟ್ರಿ ಲೆಕ್ಚರರ್ 'ನ್ಯಾನೋ ಸೆನ್ಸರ್ ಒಂದು ಅಣುವನ್ನೂ ಹಿಡಿಯುತ್ತದೆ' ಅಂದರು. ಚಿಕ್ಕದಾದರೆ ಸೆನ್ಸರ್ ಯಾಕೆ ಚುರುಕಾಗುತ್ತದೆ? ಹಾಗಿದ್ದರೆ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? (ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ)

ಉತ್ತರ: ಎರಡನೇ ಪ್ರಶ್ನೆ ಕೇಳಿದ್ದಕ್ಕೆ ನಿನಗೆ ಶಹಬ್ಬಾಸ್. ಮೊದಲನೆಯದನ್ನು ಬೇಗ ಮುಗಿಸೋಣ.

ಅನಿಲ ಕೂರುವುದು ಸೆನ್ಸರಿನ ಮೈಮೇಲೆ ಮಾತ್ರ. ದೊಡ್ಡ ರಸ್ತೆಯ ಅಂಚಿನಲ್ಲಿ ಒಂದು ಗಾಡಿ ನಿಂತರೆ ಓಡಾಟಕ್ಕೆ ಏನೂ ಆಗುವುದಿಲ್ಲ. ಅದೇ ಗಾಡಿ ಚಿಕ್ಕಪೇಟೆಯ ಗಲ್ಲಿಯಲ್ಲಿ ನಿಂತರೆ ಎಲ್ಲವೂ ನಿಂತು ಹೋಗುತ್ತದೆ. ತವರದ ಆಕ್ಸೈಡಿನಲ್ಲಿ ಆಮ್ಲಜನಕದ ಪ್ರಭಾವ ಮೇಲ್ಮೈಯಿಂದ ಸುಮಾರು 3 ನ್ಯಾನೋಮೀಟರ್ ಒಳಗಿನವರೆಗೆ ಮಾತ್ರ ಇಳಿಯುತ್ತದೆ. ಪುಡಿಯ ಕಣ ದೊಡ್ಡದಿದ್ದರೆ ನಡುಭಾಗಕ್ಕೆ ಸುದ್ದಿಯೇ ತಲುಪುವುದಿಲ್ಲ. ಕಣದ ಗಾತ್ರ 6 ನ್ಯಾನೋಮೀಟರಿಗೆ ಇಳಿದರೆ ಎರಡೂ ಕಡೆಯಿಂದ ಪೂರ್ತಿ ಆವರಿಸುತ್ತದೆ. ಆಗ ಸೆನ್ಸರಿನ ಚುರುಕುತನ ಒಮ್ಮೆಲೇ ಏರುತ್ತದೆ. ಜಪಾನಿನ ನೊಬೊರು ಯಮಜೊಯೆ ಅವರ ತಂಡ 1991ರಲ್ಲಿ ಇದನ್ನು ಅಳೆದು ತೋರಿಸಿತು. ಮನುಷ್ಯನ ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡು.

ಇಂಗಾಲದ ನ್ಯಾನೋಟ್ಯೂಬ್ ಇನ್ನೂ ಒಂದು ಹೆಜ್ಜೆ ಮುಂದೆ. ಒಂದೇ ಪದರದ ಇಂಗಾಲವನ್ನು ಸುರುಳಿ ಸುತ್ತಿದ ಕೊಳವೆ ಅದು, ಅಡ್ಡಳತೆ ಒಂದೆರಡು ನ್ಯಾನೋಮೀಟರ್. ಅದಕ್ಕೆ 'ಒಳಭಾಗ' ಅನ್ನುವ ಪದಾರ್ಥವೇ ಇಲ್ಲ, ಪ್ರತಿ ಪರಮಾಣುವೂ ಮೇಲ್ಮೈಯಲ್ಲೇ ಇದೆ. 1998ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ಅವರ ತಂಡ ಅಂಥ ಒಂದೇ ಒಂದು ಟ್ಯೂಬಿನಿಂದ ಟ್ರಾನ್ಸಿಸ್ಟರ್ ಮಾಡಿತು. 2000ದಲ್ಲಿ ಸ್ಟ್ಯಾನ್‌ಫೋರ್ಡಿನ ಜಿಂಗ್ ಕಾಂಗ್, ಹೊಂಗ್‌ಜಿ ದಾಯ್ ಮತ್ತು ಜೊತೆಗಾರರು ಆ ಥರದ ಟ್ಯೂಬಿನ ಮೇಲೆ ಅನಿಲ ಹಾಯಿಸಿದರು. 200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 200 ಪಾಲು) ನೈಟ್ರೋಜನ್ ಡೈಆಕ್ಸೈಡ್ ತಾಗಿದ ಕೆಲವೇ ಕ್ಷಣಗಳಲ್ಲಿ ಕರೆಂಟು ಸುಮಾರು ಸಾವಿರ ಪಟ್ಟು ಏರಿತು. ಅಮೋನಿಯ ತಾಗಿದಾಗ ಉಲ್ಟಾ, ಇಳಿಯಿತು. ಹೀಟರ್ ಇಲ್ಲದೆ, ಕೋಣೆಯ ಉಷ್ಣತೆಯಲ್ಲೇ! ದಾವಣಗೆರೆಯ ಅಲಾರಂನೊಳಗಿನ ಹೀಟರಿಗೇ ಮುಕ್ಕಾಲು ವ್ಯಾಟ್‌ನಷ್ಟು ಕರೆಂಟು ಬೇಕು. ಆ ಖರ್ಚೇ ಇಲ್ಲ ಅಂದರೆ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಿಸಬಹುದು ಅನ್ನುವ ಆಸೆ ಎಲ್ಲರಿಗೂ ಹುಟ್ಟಿತು.

ನಿಮ್ಮ ಲೆಕ್ಚರರ್ ಹೇಳಿದ 'ಒಂದು ಅಣು' ಬಹುಶಃ 2007ರ ಕೆಲಸ. ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್ಸ್ಟಂಟಿನ್ ನೊವೊಸೆಲೊವ್ ಅವರ ತಂಡ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲ) ಹಾಳೆಯ ಮೇಲೆ ಅನಿಲದ ಅಣುಗಳು ಒಂದೊಂದಾಗಿ ಬಂದು ಕೂರುವುದನ್ನು, ಎದ್ದು ಹೋಗುವುದನ್ನು ಕರೆಂಟಿನ ಸಣ್ಣ ಮೆಟ್ಟಿಲುಗಳಾಗಿ ಕಂಡಿತು. ಅವರಿಬ್ಬರಿಗೂ ಗ್ರಾಫೀನ್ ಕೆಲಸಕ್ಕಾಗಿ 2010ರಲ್ಲಿ ನೊಬೆಲ್ ಬಂತು.

ಇನ್ನು ಅಂಗಡಿಯ ಮಾತು. ಸ್ಟ್ಯಾನ್‌ಫೋರ್ಡಿನ ಆ ಟ್ಯೂಬ್ ಅನಿಲವನ್ನು ಹಿಡಿದದ್ದು ಕ್ಷಣದಲ್ಲಿ, ಬಿಡಲು ತೆಗೆದುಕೊಂಡದ್ದು ಗಂಟೆಗಟ್ಟಲೆ. ಬಿಸಿ ಇಲ್ಲದ ಕಾರಣ ಅಂಟಿದ ಅಣು ಏಳುವುದೇ ಇಲ್ಲ. 200 ಡಿಗ್ರಿಗೆ ಕಾಯಿಸಿದರೆ ಬೇಗ ಬಿಡುತ್ತದೆ, ಆದರೆ ಉಳಿಸಿದ ಹೀಟರನ್ನು ವಾಪಸ್ ತಂದ ಹಾಗಾಯಿತು. ನೇರಳಾತೀತ ಬೆಳಕು ಹಾಯಿಸಿ ಅಣುಗಳನ್ನು ಎಬ್ಬಿಸುವ ದಾರಿಯನ್ನೂ ಅದೇ ಗುಂಪು ಆಮೇಲೆ ತೋರಿಸಿತು. ಸೊನ್ನೆಗೆ ಮರಳದ ಸೆನ್ಸರ್ ಎಷ್ಟೇ ಚುರುಕಾಗಿದ್ದರೂ ಕೆಲಸಕ್ಕೆ ಬಾರದು. ಬೆಂಚಿನಲ್ಲಿ ಕೂತು ನಾನು ಕಲಿತದ್ದು ಇದನ್ನೇ. ಅನಿಲ ಬಿಟ್ಟಾಗ ಸೂಜಿ ಏರುವುದನ್ನು ನೋಡಲು ಎಲ್ಲರೂ ಸುತ್ತ ನಿಲ್ಲುತ್ತಾರೆ. ಅನಿಲ ನಿಲ್ಲಿಸಿದ ಮೇಲೆ ಅದು ಇಳಿದು ಮೊದಲಿದ್ದ ಜಾಗಕ್ಕೆ ಬಂತಾ ಅಂತ ಕಾದು ನೋಡುವವರು ಕಡಿಮೆ.

ಎರಡನೇ ತೊಡಕು ನಿನಗೆ ಈಗಾಗಲೇ ಗೊತ್ತು. ಒಂದು ಅಣು ಬಂತು, ಸರಿ. ಯಾವುದರ ಅಣು? ಬರಿಯ ಗ್ರಾಫೀನ್ ಹೇಳುವುದಿಲ್ಲ. ನಿಜವಾದ ಆವಿಷ್ಕಾರಗಳು ನಡೆದದ್ದು ಇಲ್ಲಿಯೇ ಅಂತ ನನ್ನ ಅಭಿಪ್ರಾಯ. ಟ್ಯೂಬಿನ ಮೇಲೆ ಏನು ಬಳಿದರೆ ಅದು ಒಂದಕ್ಕೇ ಒಲಿಯುತ್ತದೆ ಅನ್ನುವುದೇ ದೊಡ್ಡ ಹುಡುಕಾಟ. ಕ್ಯಾಲಿಫೋರ್ನಿಯದ ಎಮರಿವಿಲ್‌ನಲ್ಲಿ ನ್ಯಾನೋಮಿಕ್ಸ್ ಎಂಬ ಕಂಪನಿ ಇದನ್ನೇ ಹಿಡಿದು ಕೂತಿತು. ಅಮೈನ್ ಗುಂಪುಗಳಿರುವ ಪಾಲಿಮರಿಗೆ ಪಿಷ್ಟ ಬೆರೆಸಿ ಟ್ಯೂಬುಗಳಿಗೆ ಲೇಪಿಸಿ, ಕಾರ್ಬನ್ ಡೈಆಕ್ಸೈಡಿನ ಸೆನ್ಸರ್ ಮಾಡಿತು. ರೋಗಿಯ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ನೋಡಬೇಕು ಅನ್ನುವುದು ಅವರ ಗುರಿ. ಹೈಡ್ರೋಜನ್ ಬೇಕಾದರೆ ಪಲ್ಲೇಡಿಯಂ ಬಳಿಯುತ್ತಾರೆ, ಆ ಲೋಹ ಹೈಡ್ರೋಜನನ್ನು ಒಳಗೆಳೆದುಕೊಳ್ಳುತ್ತದೆ. ಇದು ನ್ಯಾನೋ ಕಾಲಕ್ಕಿಂತ ಹಳೆಯ ಜಾಣ್ಮೆ. 1975ರಲ್ಲೇ ಸ್ವೀಡನ್ನಿನ ಇಂಗೆಮಾರ್ ಲುಂಡ್‌ಸ್ಟ್ರೋಮ್ ಪಲ್ಲೇಡಿಯಂ ಗೇಟಿನ ಟ್ರಾನ್ಸಿಸ್ಟರಿನಿಂದ ಹೈಡ್ರೋಜನ್ ಹಿಡಿದಿದ್ದರು.

ಇನ್ನೊಂದು ದಾರಿಯೂ ಇದೆ. ಒಂದೇ ಸೆನ್ಸರನ್ನು ನಂಬದೆ, ಬೇರೆ ಬೇರೆ ಲೇಪದ ಹಲವು ಸೆನ್ಸರುಗಳನ್ನು ಒಂದೇ ಚಿಪ್ಪಿನಲ್ಲಿ ಕೂರಿಸುವುದು. ಎಲ್ಲವೂ ಸ್ವಲ್ಪ ಸ್ವಲ್ಪ ಬೇರೆ ಉತ್ತರ ಕೊಡುತ್ತವೆ. ಆ ಉತ್ತರಗಳ ಒಟ್ಟು ವಿನ್ಯಾಸ ನೋಡಿ ಅನಿಲ ಯಾವುದೆಂದು ಕಂಪ್ಯೂಟರ್ ಹೇಳುತ್ತದೆ. 'ಎಲೆಕ್ಟ್ರಾನಿಕ್ ಮೂಗು' ಅಂತ ಕರೆಯುವುದು ಇದನ್ನೇ. 1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪೆರ್ಸಾಡ್ ಮತ್ತು ಜಾರ್ಜ್ ಡಾಡ್ ಇದನ್ನು ಮೊದಲು ಮಾಡಿ ತೋರಿಸಿದರು. ನಾಸಾದ ಏಮ್ಸ್ ಕೇಂದ್ರದಲ್ಲಿ ಜಿಂಗ್ ಲೀ ಅವರ ತಂಡ ನ್ಯಾನೋಟ್ಯೂಬಿನಿಂದ ಇಂಥ ಚಿಪ್ ಮಾಡಿ 2007ರಲ್ಲಿ ಉಪಗ್ರಹದಲ್ಲಿಟ್ಟು ಪರೀಕ್ಷಿಸಿತು. 2009ರಲ್ಲಿ ಫೋನಿಗೆ ಸಿಕ್ಕಿಸುವ ಹಾಗೂ ಮಾಡಿತು.

ನಮ್ಮ ಬೆಂಗಳೂರಿನಿಂದಲೂ ಒಂದು ಸುದ್ದಿ ಇದೆ, ಸಿಇಟಿ ಓದಿನ ನಡುವೆ ಖುಷಿ ಕೊಡುತ್ತದೆ. 2003ರಲ್ಲಿ ಐಐಎಸ್‌ಸಿಯ ಅಜಯ್ ಸೂದ್, ಶಂಕರ್ ಘೋಷ್ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ಎನ್. ಕುಮಾರ್, ನ್ಯಾನೋಟ್ಯೂಬ್ ಕಟ್ಟಿನ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ ಅಂತ ತೋರಿಸಿದರು. ಅದು ರಸಾಯನ ಹಿಡಿಯುವ ಸೆನ್ಸರ್ ಅಲ್ಲ, ಹರಿವು ಅಳೆಯುವಂಥದ್ದು. ಆದರೂ ನಿನ್ನ ಊರಿನಿಂದ ಕೆಲವೇ ಗಂಟೆ ದೂರದಲ್ಲಿ ಆದ ಕೆಲಸ.

ಪ್ರಶ್ನೆ: ಅಕ್ಕಾ, ನಮ್ಮದು ಮಾವಿನ ತೋಟ. ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದಾರಾ ಅಂತ ಸೆನ್ಸರ್ ಇಟ್ಟು ಹೇಳಬಹುದಾ? ನಾವು ನೆಟ್ಟಗೆ ಮಾಡಿದರೂ ಗಿರಾಕಿಗಳು ಅನುಮಾನ ಪಡುತ್ತಾರೆ. (ಬೆಳೆಗಾರರು, ಶ್ರೀನಿವಾಸಪುರ)

ಉತ್ತರ: ಅಣ್ಣಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಕಾರ್ಬೈಡಿಗೆ ತೇವ ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ. ಜೊತೆಗೆ ಅದರ ಕಲ್ಮಶದಿಂದ ಆರ್ಸೆನಿಕ್, ರಂಜಕದ ವಿಷಾನಿಲಗಳೂ ಚೂರು ಚೂರು ಬರುತ್ತವೆ. ಅದಕ್ಕೇ ನಮ್ಮಲ್ಲಿ ಅದನ್ನು ನಿಷೇಧಿಸಿದ್ದಾರೆ. ಆದರೆ ಹಣ್ಣು ಅಂಗಡಿ ಸೇರುವ ಹೊತ್ತಿಗೆ ಆ ಅನಿಲ ಹಾರಿಹೋಗಿರುತ್ತದೆ. ಹಣ್ಣಿನ ಮೇಲೆ ಸೆನ್ಸರ್ ಹಿಡಿದು ಹೌದು ಅಲ್ಲ ಅನ್ನುವುದು ಆಗದ ಮಾತು. ಯಾರಾದರೂ ಅಂಥ ಯಂತ್ರ ಮಾರಲು ಬಂದರೆ ದುಡ್ಡು ಕೊಡಬೇಡಿ.

ಸೆನ್ಸರ್ ನಿಮ್ಮ ಕೈಹಿಡಿಯುವುದು ಬೇರೆ ಕಡೆ, ಹಣ್ಣು ಮಾಗಿಸುವ ಕೋಣೆಯಲ್ಲಿ. ಎಥಿಲೀನ್ ಅನಿಲ ಬಿಟ್ಟು ಮಾಗಿಸಲು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಒಪ್ಪಿಗೆ ಇದೆ, 100 ಪಿಪಿಎಂ ಮೀರಬಾರದು. ಅದನ್ನು ಅಳೆದು ದಾಖಲೆ ಇಟ್ಟುಕೊಂಡರೆ ಗಿರಾಕಿಗೆ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಎಥಿಲೀನನ್ನೇ ಹಿಡಿಯುವ ನ್ಯಾನೋ ಸೆನ್ಸರಿನ ಕಥೆ ನನಗೆ ತುಂಬಾ ಇಷ್ಟ. ಎಥಿಲೀನ್ ಬಹಳ ಚಿಕ್ಕ, ಸಪ್ಪೆ ಅಣು. ಯಾವುದಕ್ಕೂ ಸುಲಭವಾಗಿ ಅಂಟುವುದಿಲ್ಲ. ಆದರೆ ಮಾವಿನಕಾಯಿಗೆ ಅದು ಗೊತ್ತಾಗುತ್ತದೆ, ಅಲ್ವಾ? ಹೇಗೆ? ಗಿಡಗಳ ಜೀವಕೋಶದಲ್ಲಿ ಎಥಿಲೀನ್ ಹಿಡಿಯುವ ಪ್ರೋಟೀನ್ ಇದೆ, ಅದರ ನಡುವೆ ಒಂದು ತಾಮ್ರದ ಅಯಾನು ಕೂತಿದೆ. ಎಥಿಲೀನ್ ಅಂಟುವುದು ಆ ತಾಮ್ರಕ್ಕೆ. 2012ರಲ್ಲಿ ಅಮೆರಿಕದ ಎಂಐಟಿಯ ತಿಮೋತಿ ಸ್ವಾಗರ್ ಅವರ ತಂಡವೂ ತಾಮ್ರದ ಮೊರೆಯನ್ನೇ ಹೋಯಿತು. ತಾಮ್ರದ ಒಂದು ಸಂಯುಕ್ತವನ್ನು ನ್ಯಾನೋಟ್ಯೂಬುಗಳ ಜೊತೆ ಬೆರೆಸಿದರು. ಎಥಿಲೀನ್ ಇಲ್ಲದಾಗ ತಾಮ್ರ ಟ್ಯೂಬಿನ ಮೈಗೆ ಅಂಟಿಕೊಂಡಿರುತ್ತದೆ. ಎಥಿಲೀನ್ ಬಂದರೆ ತಾಮ್ರ ಅದರ ಕೈಹಿಡಿಯುತ್ತದೆ, ಟ್ಯೂಬಿನ ಜೊತೆಗಿನ ನಂಟು ಸಡಿಲವಾಗುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. 1 ಪಿಪಿಎಂಗಿಂತ ಕಡಿಮೆ ಎಥಿಲೀನನ್ನೂ ಇದು ಹಿಡಿಯಿತು. ಬಾಳೆಹಣ್ಣು, ಆವಕಾಡೊ, ಸೇಬು ಇಟ್ಟು ಪರೀಕ್ಷೆ ಮಾಡಿದರು. ಆಮೇಲೆ ಅದೇ ಪ್ರಯೋಗಾಲಯದಿಂದ ಸಿ2ಸೆನ್ಸ್ ಎಂಬ ಕಂಪನಿಯೂ ಹುಟ್ಟಿತು.

ನೀವು ಈಗಲೇ ಹುಡುಕಬೇಕಾದ್ದು ಅದನ್ನಲ್ಲ. ಮಾಗಿಸುವ ಕೋಣೆಗೆ ಎಲೆಕ್ಟ್ರೋಕೆಮಿಕಲ್ ಸೆಲ್ ಇರುವ ಎಥಿಲೀನ್ ಮೀಟರುಗಳು ಸಿಗುತ್ತವೆ, ಸಾಕು. ಕೊಳ್ಳುವಾಗ ಎರಡು ಮಾತು ಕೇಳಿ. ಹಣ್ಣಿನಿಂದ ಬರುವ ಆಲ್ಕೋಹಾಲ್ ಆವಿಗೆ ಇದು ಎಷ್ಟು ಮೋಸ ಹೋಗುತ್ತದೆ? ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಿಕೊಡುವವರು ಯಾರು? ಎರಡಕ್ಕೂ ಕಾಗದದ ಮೇಲೆ ಉತ್ತರ ಕೊಡುವವರಿಂದ ಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮ ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಇಟ್ಟರೆ 400 ತೋರಿಸುತ್ತದೆ. ಫ್ಲೋರೈಡ್ ಇಲ್ಲ ಅಂತ ಅರ್ಥವಾ? (ರೈತರು, ಪಾವಗಡ)

ಉತ್ತರ: ಅಲ್ಲ. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ಅಳೆಯುತ್ತದೆ, ಅಷ್ಟೇ. ಉಪ್ಪು ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ಮಾನಕ. 400ರ ಲೆಕ್ಕದಲ್ಲಿ ಒಂದೆರಡು ಮಿಲಿಗ್ರಾಂ ಹೆಚ್ಚಾದರೆ ಮೀಟರಿಗೆ ಕಾಣುವುದೇ ಇಲ್ಲ. ಫ್ಲೋರೈಡಿಗೇ ಅಂತ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ 1966ರಿಂದ ಇದೆ, ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ, ಬಣ್ಣ ನೋಡಿ ಹೇಳುವಂಥದ್ದು. ಅನುಮಾನ ಬಂದರೆ ಸರ್ಕಾರಿ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಬಾಟಲಿ ಕಳಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿಯಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಮುಂದೆ ಹಾಕಬೇಡಿ.

ಪ್ರಶ್ನೆ: ಮನೆಯಲ್ಲಿ ಗಾಳಿ ಅಳೆಯುವ ಸಣ್ಣ ಪೆಟ್ಟಿಗೆ ಇಟ್ಟಿದ್ದೇನೆ. ಕಿಟಕಿ ತೆರೆದಿದ್ದರೂ, ಸೆಂಟ್ ಹೊಡೆದುಕೊಂಡ ತಕ್ಷಣ ಕಾರ್ಬನ್ ಡೈಆಕ್ಸೈಡ್ 1,500 ತೋರಿಸುತ್ತದೆ. ಸೆಂಟಿನಲ್ಲಿ ಅದು ಇರುತ್ತದಾ? (ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್)

ಉತ್ತರ: ಇಲ್ಲ, ಆಲ್ಕೋಹಾಲ್ ಇರುತ್ತದೆ. ಪೆಟ್ಟಿಗೆಯ ಕೈಪಿಡಿ ತೆಗೆದು ನೋಡಿ, 'ಇ-ಸಿಒ2' ಅಂತ ಬರೆದಿರಬಹುದು. ಅದು ಅಳತೆ ಅಲ್ಲ, ಅಂದಾಜು. ಒಳಗಿರುವುದು ಅದೇ ಲೋಹದ ಆಕ್ಸೈಡ್, ಈಗ 3 ಮಿಲಿಮೀಟರ್ ಚಿಪ್ಪಿಗೆ ಇಳಿದಿದೆ, ಹೀಟರ್ ಕೂಡ ಸಿಲಿಕಾನಿನಲ್ಲೇ ಕೆತ್ತಿದ್ದು. ಜನ ತುಂಬಿದ ಕೋಣೆಯಲ್ಲಿ ಮೈಯಿಂದ, ಉಸಿರಿನಿಂದ ಬರುವ ಆವಿಗಳೂ ಕಾರ್ಬನ್ ಡೈಆಕ್ಸೈಡೂ ಜೊತೆಜೊತೆಗೆ ಏರುತ್ತವೆ ಅನ್ನುವ ಲೆಕ್ಕದಲ್ಲಿ, ಆವಿ ನೋಡಿ ಅಂಕಿ ಊಹಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಆ ಬಿಸಿ ಪುಡಿಗೆ ಕಾಣುವುದೇ ಇಲ್ಲ ಅನ್ನಬಹುದು, ಅದು ಉರಿಯುವ ಅನಿಲ ಅಲ್ಲವಲ್ಲ. ನಿಜವಾದ ಅಳತೆ ಬೇಕಿದ್ದರೆ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ 'ಎನ್‌ಡಿಐಆರ್' ಸೆನ್ಸರ್ ಇರುವ ಪೆಟ್ಟಿಗೆ ಕೊಳ್ಳಿ. ಇಂಥ ಅಂದಾಜಿನ ಅಂಕಿಯನ್ನು ಅಳತೆಯ ಹಾಗೆ ದಪ್ಪಕ್ಷರದಲ್ಲಿ ತೋರಿಸುವುದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಪ್ರಶ್ನೆ: ತಂಗಿ, ನನಗೆ ಸಕ್ಕರೆ ಕಾಯಿಲೆ. ದಿನಾ ಬೆರಳು ಚುಚ್ಚಿಕೊಂಡು ಸಾಕಾಗಿದೆ. ಚುಚ್ಚದೆ ಶುಗರ್ ಹೇಳುವ ವಾಚು, ಉಸಿರು ಊದಿದರೆ ಹೇಳುವ ಯಂತ್ರ ಅಂತ ಜಾಹೀರಾತು ಬರುತ್ತಿವೆ. ಮಗ ತರಿಸುತ್ತೇನೆ ಅನ್ನುತ್ತಾನೆ. ನಂಬಬಹುದಾ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಸರ್, ವಾಚನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣ ಬದಲಿಸಬೇಡಿ. ಚರ್ಮ ಚುಚ್ಚದೆ ಗ್ಲೂಕೋಸ್ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥ ಒಂದಕ್ಕೂ ಅದು ಆಗ ಒಪ್ಪಿಗೆ ಕೊಟ್ಟಿರಲಿಲ್ಲ. ಉಸಿರಿನ ಯಂತ್ರ ನೋಡುವುದು ಅಸಿಟೋನನ್ನು. ದೇಹ ಕೊಬ್ಬು ಕರಗಿಸುವಾಗ ಅಸಿಟೋನ್ ಬರುತ್ತದೆ. ಉಪವಾಸ ಇದ್ದರೂ ಏರುತ್ತದೆ. ಅದರಿಂದ ರಕ್ತದ ಸಕ್ಕರೆಯ ಅಂಕಿ ತೆಗೆಯಲು ಬರುವುದಿಲ್ಲ.

ನಿಮಗೆ ಬೇಸರ ತಂದಿರುವ ಆ ಪಟ್ಟಿಯ ಬಗ್ಗೆ ಎರಡು ಒಳ್ಳೆಯ ಮಾತು ಹೇಳಲೇಬೇಕು. ಮೇಲಿನ ಪತ್ರಗಳಲ್ಲಿ ಎಲ್ಲರನ್ನೂ ಕಾಡಿದ 'ಯಾವುದು?' ಎಂಬ ಪ್ರಶ್ನೆಗೆ ಅದರಲ್ಲಿ ಸೊಗಸಾದ ಉತ್ತರ ಇದೆ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಎಲೆಕ್ಟ್ರೋಡಿನ ಮೇಲೆ ಒಂದು ಕಿಣ್ವ ಕೂರಿಸುವ ಉಪಾಯ ಮುಂದಿಟ್ಟರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಆ ಕಿಣ್ವ ರಕ್ತದಲ್ಲಿರುವ ನೂರಾರು ಪದಾರ್ಥಗಳ ನಡುವೆ ಗ್ಲೂಕೋಸನ್ನೇ ಆರಿಸಿ ಹಿಡಿಯುತ್ತದೆ. ಪೆನ್ನಿನ ಗಾತ್ರದ ಮೀಟರ್ 1987ರಲ್ಲಿ ಬಂತು. ಈಗ 1 ಮೈಕ್ರೋಲೀಟರಿಗಿಂತ ಕಡಿಮೆ ರಕ್ತ ಸಾಕು. ಪಟ್ಟಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಕಪ್ಪಗೆ ಅಥವಾ ಹೊಳೆಯುವ ಸಣ್ಣ ಗೆರೆಗಳು ಕಾಣುತ್ತವೆ. ಅವೇ ಎಲೆಕ್ಟ್ರೋಡುಗಳು. ಕಿಣ್ವ ಅವುಗಳ ಮೇಲೆ ಒಣಗಿ ಕೂತಿದೆ. ತೇವ ತಾಗಿದರೆ ಅದು ಹಾಳು. ಪಟ್ಟಿ ತೆಗೆದ ಕೂಡಲೇ ಡಬ್ಬಿ ಮುಚ್ಚಿ, ಮಳೆಗಾಲದಲ್ಲಂತೂ ತಪ್ಪದೆ. ದಿನಾಂಕ ಮುಗಿದ ಪಟ್ಟಿಯನ್ನು 'ಇನ್ನೂ ಇದೆಯಲ್ಲ' ಅಂತ ಬಳಸಬೇಡಿ. ಕೈಗೆ ಹಣ್ಣಿನ ರಸ ಮೆತ್ತಿದ್ದರೆ ತೊಳೆದು, ಒರೆಸಿ, ಆಮೇಲೆ ಚುಚ್ಚಿ. ಬೆರಳಿನ ತುದಿಯ ನಡುಭಾಗ ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ.

ಚುಚ್ಚುವುದು ತೀರಾ ಕಷ್ಟವಾದರೆ ತೋಳಿಗೆ ಅಂಟಿಸುವ ಸಿಜಿಎಂ (ಗ್ಲೂಕೋಸನ್ನು ಸದಾ ನೋಡುತ್ತಿರುವ ಸೆನ್ಸರ್) ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಅದರಲ್ಲೂ ಚರ್ಮದೊಳಗೆ ಹೋಗುವ ಸಣ್ಣ ಎಳೆ ಇದೆ, ಕಿಣ್ವವೂ ಇದೆ. ಐಐಎಸ್‌ಸಿಯಲ್ಲಿ ಪ್ರೊ. ನವಕಾಂತ ಭಟ್ ಅವರ ತಂಡ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಒಂದೇ ಕೈಯಂತ್ರದಲ್ಲಿ ಮಾಡುವ ಬಯೋಸೆನ್ಸರುಗಳನ್ನು ರೂಪಿಸಿದೆ. ಅಲ್ಲಿಂದಲೇ ಪಾಥ್‌ಶೋಧ್ ಎಂಬ ಕಂಪನಿ ಬೆಳೆಯಿತು. ಬಯೋಸೆನ್ಸರ್ ಮತ್ತು ಗ್ಯಾಸ್ ಸೆನ್ಸರ್ ಎರಡರ ಕೆಲಸಕ್ಕೂ ಸೇರಿ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು. ಆದರೆ ಆ ಕೈಯಂತ್ರವೂ ಒಂದು ಹನಿ ರಕ್ತ ಕೇಳುತ್ತದೆ ಸರ್.

ಪ್ರಶ್ನೆ: ಮ್ಯಾಮ್, ನಾವು ಫೈನಲ್ ಇಯರ್ ಪ್ರಾಜೆಕ್ಟಿಗೆ ಸತುವಿನ ಆಕ್ಸೈಡಿನ ನ್ಯಾನೋ ಕಡ್ಡಿಗಳ ಸೆನ್ಸರ್ ಮಾಡಿದ್ದೇವೆ. ಕೋಳಿ ಫಾರಂನಲ್ಲಿ ಅಮೋನಿಯ ಹಿಡಿಯಲು. ಅಮೋನಿಯ ಬಾಟಲಿ ಹತ್ತಿರ ತಂದರೆ ರೆಸಿಸ್ಟೆನ್ಸ್ ಚೆನ್ನಾಗಿ ಬದಲಾಗುತ್ತದೆ. ಮುಂದಿನ ತಿಂಗಳು ಕಾನ್ಫರೆನ್ಸಿನಲ್ಲಿ ಪೇಪರ್ ಓದಿ, ಆಮೇಲೆ ಪೇಟೆಂಟ್ ಹಾಕೋಣ ಅಂತಿದ್ದೇವೆ. ಸರಿಯಾ? (ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹುಬ್ಬಳ್ಳಿ)

ಉತ್ತರ: ಕೋಳಿ ಫಾರಂ ಆರಿಸಿಕೊಂಡಿದ್ದು ಬಹಳ ಒಳ್ಳೆಯದು. ಶೆಡ್ಡಿನಲ್ಲಿ ಅಮೋನಿಯ 25 ಪಿಪಿಎಂ ದಾಟಬಾರದು ಅನ್ನುತ್ತಾರೆ. ಒಳಗೆ ಕೆಲಸ ಮಾಡುವವರ ಕಣ್ಣು, ಗಂಟಲು ಉರಿಯುವುದನ್ನು ನಾನು ನೋಡಿದ್ದೇನೆ. ಅವರಿಗೆ ಇದು ಬೇಕು.

ಪೇಟೆಂಟಿನ ಮಾತು ಮೊದಲು. ಕ್ರಮ ಉಲ್ಟಾ ಆಗಿದೆ. ಪೇಪರ್ ಹೊರಗೆ ಬಂದರೆ ನಿಮ್ಮ ವಿಷಯ ಎಲ್ಲರಿಗೂ ಗೊತ್ತಾದ ಹಾಗೆ, ಆಮೇಲೆ 'ಹೊಸದು' ಅಂತ ಹೇಳಿಕೊಳ್ಳುವುದು ಕಷ್ಟ. ಮೊದಲು ಪ್ರಾವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಅದಾದ 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಡಬೇಕು. ಸಿಕ್ಕರೆ ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಹಕ್ಕು ನಿಮ್ಮದೋ ಕಾಲೇಜಿನದೋ ಅನ್ನುವುದನ್ನು ಈಗಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಅರ್ಜಿ ಬರೆಯುವ ಮುನ್ನ ಹಳೆಯ ಪೇಟೆಂಟುಗಳನ್ನು ಕೂತು ಓದಿ. ಸತುವಿನ ಆಕ್ಸೈಡ್ ಅಮೋನಿಯ ಹಿಡಿಯುತ್ತದೆ ಅನ್ನುವುದು ಹೊಸ ಸುದ್ದಿ ಅಲ್ಲ. ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ದ್ರಾವಣವನ್ನು 90 ಡಿಗ್ರಿಯಲ್ಲಿಟ್ಟು ಕಡ್ಡಿ ಬೆಳೆಸುವುದೂ ಹಳೆಯದೇ. ನೀವು ಸೇರಿಸಿದ್ದು ಏನು? ಲೇಪವಾ, ಸರ್ಕ್ಯೂಟಾ, ಶೆಡ್ಡಿನ ಧೂಳು ತಡೆಯುವ ರೀತಿಯಾ? ಪೇಟೆಂಟ್ ಇರುವುದು ಅಲ್ಲಿ.

ಈಗ ನಿಮ್ಮ ಬಾಟಲಿಯ ಹತ್ತಿರ ಬರೋಣ. ಬಾಟಲಿಯಲ್ಲಿರುವುದು ನೀರಿನಲ್ಲಿ ಕರಗಿದ ಅಮೋನಿಯ. ಮುಚ್ಚಳ ತೆಗೆದಾಗ ಅಮೋನಿಯ ಜೊತೆಗೆ ನೀರಿನ ಆವಿಯೂ ಬರುತ್ತದೆ. ಸತುವಿನ ಆಕ್ಸೈಡ್ ತೇವಕ್ಕೂ ರೆಸಿಸ್ಟೆನ್ಸ್ ಬದಲಿಸುತ್ತದೆ. ನೀವು ಹಿಡಿದದ್ದು ಯಾವುದನ್ನು? ಅದೇ ಥರದ ಬಾಟಲಿಗೆ ಬರೀ ಡಿಸ್ಟಿಲ್ಡ್ ವಾಟರ್ ತುಂಬಿ, ಅಷ್ಟೇ ದೂರದಲ್ಲಿ, ಅಷ್ಟೇ ಹೊತ್ತು ಹಿಡಿಯಿರಿ. ಆಮೇಲೆ ಸ್ಪಿರಿಟ್, ಅಸಿಟೋನ್ ಇಟ್ಟು ನೋಡಿ. ಪಕ್ಕದ ಬೆಂಚಿನಲ್ಲಿ ಯಾರೋ ಗಾಜು ಒರೆಸಲು ಅಸಿಟೋನ್ ತೆರೆದರೂ ನಿಮ್ಮ ಗ್ರಾಫಿನಲ್ಲಿ ಅದು ಬಂದಿರುತ್ತದೆ. ಸುಮ್ನೆ ಬಾಯಿಂದ ಒಮ್ಮೆ ಉಸಿರು ಊದಿಯೂ ನೋಡಿ. ಇವುಗಳಿಗೆಲ್ಲ ಅಮೋನಿಯಕ್ಕೆ ಬಂದಷ್ಟೇ ಬದಲಾವಣೆ ಬಂದರೆ ನಿಮ್ಮ ಕೈಯಲ್ಲಿರುವುದು ತೇವದ ಸೆನ್ಸರ್. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಅಮೋನಿಯ ಸೆನ್ಸರ್ ಅಂತ ಬರೆಯಬಾರದು.

ಗ್ರಾಫನ್ನು ಏರುವ ಅರ್ಧಕ್ಕೇ ಕತ್ತರಿಸಬೇಡಿ. ಇಳಿದು ಮೊದಲಿನ ಗೆರೆಗೆ ಬರುವವರೆಗೂ ತೋರಿಸಿ. ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ. ಅದೇ ಸೆನ್ಸರನ್ನು ಮರುದಿನ, ಮರುವಾರ ತೆಗೆದು ಮತ್ತೆ ಅಳೆಯಿರಿ. ಬಾಟಲಿ ಬಿಟ್ಟು, 25 ಪಿಪಿಎಂನ ಸುತ್ತಮುತ್ತಲಿನ ಅಳತೆ ಗೊತ್ತಿರುವ ಅನಿಲದಿಂದ ಪರೀಕ್ಷೆ ಮಾಡಿ. ಬಾಟಲಿಯ ಬಾಯಲ್ಲಿ ಅಮೋನಿಯ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಇದಕ್ಕೆಲ್ಲ ಕಾಲೇಜಿನಲ್ಲಿ ಸಲಕರಣೆ ಇಲ್ಲ ಅಂತ ಬೇಸರ ಬೇಡ. ಕೇಂದ್ರ ಸರ್ಕಾರದ 'ಐಎನ್‌ಯುಪಿ' ಎಂಬ ನ್ಯಾನೋ ಎಲೆಕ್ಟ್ರಾನಿಕ್ಸ್ ಯೋಜನೆಯಲ್ಲಿ ಹೊರಗಿನ ಕಾಲೇಜಿನವರಿಗೂ ಐಐಎಸ್‌ಸಿಯ ಕ್ಲೀನ್‌ರೂಮ್ (ಧೂಳು ಬರದ ಹಾಗೆ ಕಾಯುವ ಪ್ರಯೋಗ ಕೋಣೆ), ಅಳತೆಯ ಯಂತ್ರಗಳನ್ನು ಬಳಸುವ ದಾರಿ ಇದೆ. ತರಬೇತಿಯನ್ನೂ ಕೊಡುತ್ತಾರೆ. ನಿಮ್ಮ ಗೈಡ್ ಮೂಲಕ ಪ್ರಸ್ತಾವ ಕಳಿಸಿ. ಪ್ರಸ್ತಾವದ ಜೊತೆ ಆ ಡಿಸ್ಟಿಲ್ಡ್ ವಾಟರ್ ಗ್ರಾಫನ್ನೂ ಲಗತ್ತಿಸಿ. ಬಂದ ಉತ್ತರ ನನಗೂ ತಿಳಿಸಿ, ಈ ಪುಟದಲ್ಲೇ ಹಾಕುತ್ತೇನೆ.